ಕಾಣದ ಉರಿ, ತಡವಾಗಿ ಏಳುವ ವಿಷ: ಮೆಥನಾಲ್ ಕುರಿತ ಆರೋಗ್ಯ ಪ್ರಶ್ನೋತ್ತರ

ಪ್ರಶ್ನೆ: ಬಣ್ಣ, ಔಷಧ, ಪ್ಲೈವುಡ್ ಅಂಟು ಮುಂತಾದವುಗಳ ತಯಾರಿಕೆಯಲ್ಲಿ ಬಳಕೆಯಾಗುವ ಮೆಥನಾಲ್ ಮತ್ತು ಆಸ್ಪತ್ರೆಗಳಲ್ಲಿ ಕಾಣುವ ಸ್ಪಿರಿಟ್ ಒಂದೇ ಪದಾರ್ಥವೇ?

ಉತ್ತರ: ಒಂದೇ ಅಲ್ಲ, ಆದರೆ ಎರಡೂ ಒಂದೇ ಕುಲಕ್ಕೆ ಸೇರಿದವು. ಆಸ್ಪತ್ರೆಯ ಸ್ಪಿರಿಟ್‌ನಲ್ಲಿ ಮುಖ್ಯವಾಗಿರುವುದು ಎಥನಾಲ್ ಅಥವಾ ಐಸೊಪ್ರೊಪೈಲ್ ಆಲ್ಕೋಹಾಲ್; ಮೆಥನಾಲ್ ಎಂಬುದು ಒಂದೇ ಇಂಗಾಲದ ಪರಮಾಣುವುಳ್ಳ, ಇಡೀ ಕುಲದಲ್ಲೇ ಅತ್ಯಂತ ಸರಳ ರಚನೆಯ ಆಲ್ಕೋಹಾಲ್. ಕಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ ಕಾಯಿಸಿದಾಗ ಹೊರಬರುವ ಆವಿಯನ್ನು ತಣಿಸಿ ಇದನ್ನು ಹಿಂದೆ ಪಡೆಯುತ್ತಿದ್ದುದರಿಂದ ಇದಕ್ಕೆ ಕಟ್ಟಿಗೆಯ ಸ್ಪಿರಿಟ್ ಎಂಬ ಹೆಸರೂ ಇತ್ತು. 1923ರಲ್ಲಿ ಭದ್ರಾವತಿಯಲ್ಲಿ ಕೆಲಸ ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ಮೊದಲ ಹೆಸರು ಮೈಸೂರು ವುಡ್ ಡಿಸ್ಟಿಲೇಶನ್ ಅಂಡ್ ಐರನ್ ವರ್ಕ್ಸ್ ಎಂದಿದ್ದುದಕ್ಕೆ ಕಾರಣ, ಊದುಕುಲುಮೆಗೆ ಬೇಕಾದ ಇದ್ದಿಲನ್ನು ಇದೇ ಕ್ರಮದಿಂದ ಪಡೆಯುವ ವ್ಯವಸ್ಥೆ ಅಲ್ಲಿದ್ದುದು. ಇಂದು ಮೆಥನಾಲ್ ಬಹುಪಾಲು ನೈಸರ್ಗಿಕ ಅನಿಲ ಅಥವಾ ಕಲ್ಲಿದ್ದಲಿನಿಂದ ತಯಾರಾಗುತ್ತದೆ. ನೋಡಲು ನೀರಿನಂತಿದ್ದು, ಮೂಸಿದರೆ ಮದ್ಯದಂತೆಯೇ ಇರುವ ಈ ದ್ರವವನ್ನು ಬರಿಗಣ್ಣು, ಮೂಗು, ನಾಲಗೆಗಳಿಂದ ಎಥನಾಲ್‌ನಿಂದ ಬೇರ್ಪಡಿಸಿ ಗುರುತಿಸಲು ಸಾಧ್ಯವಿಲ್ಲ. ಮುಂದಿನ ಉತ್ತರಗಳಲ್ಲಿ ಬರುವ ಅಪಾಯಗಳಲ್ಲಿ ಬಹುಪಾಲು ಇಲ್ಲಿಂದಲೇ ಹುಟ್ಟುತ್ತವೆ.

ಪ್ರಶ್ನೆ: ಮೆಥನಾಲ್‌ಗೆ ಹೊತ್ತಿಕೊಂಡ ಬೆಂಕಿ ಕಣ್ಣಿಗೆ ಕಾಣುವುದಿಲ್ಲ ಎಂಬ ಮಾತಿನಲ್ಲಿ ಹುರುಳಿದೆಯೇ?

ಉತ್ತರ: ಇದೆ. ಸೌದೆಯ ಅಥವಾ ಸೀಮೆಎಣ್ಣೆಯ ಬೆಂಕಿ ಹಳದಿಯಾಗಿ ಕಾಣುವುದು, ಪೂರ್ಣವಾಗಿ ಉರಿಯದ ಇಂಗಾಲದ ಸೂಕ್ಷ್ಮ ಕಣಗಳು, ಅಂದರೆ ಮಸಿ, ಕಾದು ಬೆಳಗುವುದರಿಂದ. ಮೆಥನಾಲ್ ಉರಿಯುವಾಗ ಮಸಿ ಬಹುತೇಕ ಹುಟ್ಟುವುದೇ ಇಲ್ಲವಾದ್ದರಿಂದ ಅದರ ಜ್ವಾಲೆ ತೆಳು ನೀಲಿಯಾಗಿದ್ದು, ಹೊರಗಿನ ಬಿಸಿಲಿನಲ್ಲಿ ಕಾಣಿಸದಷ್ಟು ಮಂಕಾಗುತ್ತದೆ, ಹೊಗೆಯೂ ಏಳುವುದಿಲ್ಲ. 1981ರ ಮೇ ತಿಂಗಳಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ 500 ಕಾರ್ ಓಟದ ನಡುವೆ ಇಂಧನ ತುಂಬಿಸುವಾಗ ಚೆಲ್ಲಿದ ಮೆಥನಾಲ್‌ಗೆ ಬೆಂಕಿ ತಗುಲಿದಾಗ, ಚಾಲಕ ರಿಕ್ ಮಿಯರ್ಸ್ ಮತ್ತು ಅವರ ಸಹಾಯಕರು ಉರಿಯಲ್ಲಿ ಸಿಕ್ಕಿ ಒದ್ದಾಡುತ್ತಿದ್ದರೂ ಸುತ್ತಲಿದ್ದವರಿಗೆ ಜ್ವಾಲೆಯೇ ಕಾಣದೆ, ನಡೆಯುತ್ತಿರುವುದೇನೆಂದು ಗ್ರಹಿಸುವುದಕ್ಕೇ ಹೊತ್ತು ಹಿಡಿಯಿತು. ಆದ್ದರಿಂದ ಮೆಥನಾಲ್ ಚೆಲ್ಲಿದ ಸ್ಥಳದಲ್ಲಿ ಗಾಳಿ ಬಿಸಿಯಿಂದ ಅಲೆಅಲೆಯಾಗಿ ನಡುಗುವುದು ಕಂಡರೆ, ಸಮೀಪದ ಬಣ್ಣ ಗುಳ್ಳೆಯೆದ್ದರೆ, ಯಾರಾದರೂ ಕಾರಣವಿಲ್ಲದೆ ಮೈಕೈ ಕೊಡವಿಕೊಳ್ಳುತ್ತಿದ್ದರೆ ಬೆಂಕಿಯಿದೆ ಎಂದೇ ತಿಳಿಯಬೇಕು.

ಹೊತ್ತಿಕೊಳ್ಳುವ ಗುಣದಲ್ಲಿಯೂ ಇದು ಸಾಮಾನ್ಯವಾದುದಲ್ಲ. ಒಂದು ದ್ರವದ ಮೇಲ್ಮೈಯಿಂದ, ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಆವಿ ಏಳುವ ಕನಿಷ್ಠ ಉಷ್ಣತೆಗೆ ಫ್ಲ್ಯಾಶ್ ಪಾಯಿಂಟ್ ಎನ್ನುತ್ತಾರೆ. ಮೆಥನಾಲ್‌ನ ಫ್ಲ್ಯಾಶ್ ಪಾಯಿಂಟ್ ಸುಮಾರು 11 ಡಿಗ್ರಿ ಸೆಲ್ಸಿಯಸ್ ಆಗಿರುವುದರಿಂದ, ಬೆಂಗಳೂರಿನ ಚಳಿಗಾಲದ ಬೆಳಗಿನಲ್ಲಿಯೂ ತೆರೆದ ಡ್ರಮ್ಮಿನ ಬಾಯಲ್ಲಿ ಉರಿಯಬಲ್ಲ ಆವಿ ಇರುತ್ತದೆ. ಗಾಳಿಯಲ್ಲಿ ಆವಿಯ ಪ್ರಮಾಣ ಶೇ. 6ರಿಂದ 36ರವರೆಗೆ ಎಷ್ಟಿದ್ದರೂ ಕಿಡಿಗೆ ಹೊತ್ತಿಕೊಳ್ಳುತ್ತದೆ; ಪೆಟ್ರೋಲ್ ಆವಿಯ ವಿಷಯದಲ್ಲಿ ಈ ವ್ಯಾಪ್ತಿ ಸುಮಾರು ಶೇ. 1ರಿಂದ 8ರವರೆಗೆ ಮಾತ್ರ. ಪೆಟ್ರೋಲ್ ಟ್ಯಾಂಕಿನ ಒಳಗೆ ಆವಿ ಅತಿಯಾಗಿ ದಟ್ಟವಾಗಿರುವುದರಿಂದ ಅಲ್ಲಿ ಬೆಂಕಿ ಹೊತ್ತಿಕೊಳ್ಳುವುದು ಕಷ್ಟ, ಆದರೆ ಅರೆತುಂಬಿದ ಮೆಥನಾಲ್ ಟ್ಯಾಂಕಿನ ಒಳಗಿನ ಗಾಳಿ ನಮ್ಮ ಹವಾಮಾನದಲ್ಲಿ ಸ್ಫೋಟಿಸಬಲ್ಲ ಪ್ರಮಾಣದಲ್ಲಿಯೇ ಇರುತ್ತದೆ. ಖಾಲಿ ಡ್ರಮ್ಮನ್ನು ತೊಳೆಯದೆ ಕತ್ತರಿಸಲು ಅಥವಾ ಬೆಸುಗೆ ಹಾಕಲು ಹೋಗುವುದು ಇದೇ ಕಾರಣಕ್ಕೆ ಜೀವದೊಡನೆ ಆಡುವ ಆಟವಾಗುತ್ತದೆ.

ಪ್ರಶ್ನೆ: ಇಂತಹ ಬೆಂಕಿಗೆ ನೀರು ಹಾಕಬಹುದೇ?

ಉತ್ತರ: ಹೊತ್ತಿ ಉರಿಯುತ್ತಿರುವ ಮನುಷ್ಯನ ಮೇಲೆ ಧಾರಾಳವಾಗಿ ಹಾಕಬೇಕು, ಉರಿಯುತ್ತಿರುವ ದ್ರವದ ಮಡುವಿನ ಮೇಲೆ ಹಾಕುವಾಗ ಎಚ್ಚರ ಬೇಕು. ಮೆಥನಾಲ್ ನೀರಿನಲ್ಲಿ ಪೂರ್ಣವಾಗಿ ಬೆರೆಯುತ್ತದೆ, ಆದರೆ ಒಂದು ಪಾಲಿಗೆ ಕನಿಷ್ಠ ನಾಲ್ಕು ಪಾಲು ನೀರು ಸೇರದ ಹೊರತು ಮಿಶ್ರಣ ಉರಿಯುತ್ತಲೇ ಹರಿದು ಬೆಂಕಿಯನ್ನು ಹರಡುತ್ತದೆ. ಸಣ್ಣ ಬೆಂಕಿಗೆ ಒಣಪುಡಿಯ ಅಥವಾ ಕಾರ್ಬನ್ ಡೈಆಕ್ಸೈಡ್ ನಂದಕ ಸಾಕು. ದೊಡ್ಡ ಬೆಂಕಿಗೆ ಆಲ್ಕೋಹಾಲ್ ನಿರೋಧಕ ನೊರೆಯೇ ಬೇಕು, ಏಕೆಂದರೆ ಸಾಮಾನ್ಯ ನೊರೆಯೊಳಗಿನ ನೀರನ್ನು ಮೆಥನಾಲ್ ಹೀರಿಕೊಂಡು ನೊರೆಯನ್ನೇ ಒಡೆದುಬಿಡುತ್ತದೆ.

ಪ್ರಶ್ನೆ: ಡ್ರಮ್ಮಿನಿಂದ ಮೆಥನಾಲ್ ವರ್ಗಾಯಿಸುವ ಕೆಲಸಗಾರರಿಗೆ ವಾಸನೆಯೇ ಎಚ್ಚರಿಕೆಯಾಗಿ ಒದಗುವುದಿಲ್ಲವೇ? ಕೈಗೆ ತಗುಲಿದ ದ್ರವ ತಾನಾಗಿಯೇ ಆರಿಹೋಗುವುದರಿಂದ ಅಪಾಯವಿಲ್ಲವೆಂದು ತಿಳಿಯಬಹುದೇ?

ಉತ್ತರ: ಎರಡೂ ನಂಬಿಕೆಗಳು ತಪ್ಪು. ಎಂಟು ಗಂಟೆಯ ಪಾಳಿಯಲ್ಲಿ ಉಸಿರಾಡುವ ಗಾಳಿಯಲ್ಲಿ ಮೆಥನಾಲ್ ಸರಾಸರಿ ಹತ್ತು ಲಕ್ಷದಲ್ಲಿ 200 ಭಾಗವನ್ನು ಮೀರಬಾರದೆಂಬುದು ಅಂಗೀಕೃತ ಮಿತಿ. ಹಲವರ ಮೂಗಿಗೆ ವಾಸನೆ ತಿಳಿಯುವುದು ಈ ಮಿತಿ ದಾಟಿದ ಮೇಲೆಯೇ, ತಿಳಿದರೂ ಸ್ವಲ್ಪ ಹೊತ್ತಿನಲ್ಲಿ ಮೂಗು ಅದಕ್ಕೆ ಒಗ್ಗಿಹೋಗುತ್ತದೆ. ಬೆಂಕಿ ಹೊತ್ತಬಲ್ಲ ಕನಿಷ್ಠ ಪ್ರಮಾಣವಾದ ಶೇ. 6 ಎಂದರೆ ಹತ್ತು ಲಕ್ಷದಲ್ಲಿ 60,000 ಭಾಗ, ಅಂದರೆ ಆರೋಗ್ಯದ ಮಿತಿಯ 300 ಪಟ್ಟು. ಸ್ಫೋಟದ ಅಪಾಯವನ್ನಷ್ಟೇ ಅಳೆಯುವ ಉಪಕರಣ ಸದ್ದು ಮಾಡದೆ ಸುಮ್ಮನಿದೆಯೆಂಬ ಮಾತ್ರಕ್ಕೆ ಅಲ್ಲಿನ ಗಾಳಿ ಉಸಿರಾಟಕ್ಕೆ ಯೋಗ್ಯವೆಂದು ಹೇಳಲಾಗದು, ಮತ್ತು ಈ ಸರಳ ಲೆಕ್ಕ ಅನೇಕ ಘಟಕಗಳ ಮೇಲ್ವಿಚಾರಕರ ಗಮನಕ್ಕೇ ಬಂದಿರುವುದಿಲ್ಲ. ಚರ್ಮದ ಮೇಲೆ ಬಿದ್ದ ಮೆಥನಾಲ್‌ನಲ್ಲಿ ಸ್ವಲ್ಪ ಆರಿಹೋದರೂ ಉಳಿದದ್ದು ಒಳಗಿಳಿದು ರಕ್ತವನ್ನು ಸೇರುತ್ತದೆ. ನೆನೆದ ಪ್ಯಾಂಟು ಅಥವಾ ಬೂಟನ್ನು ಪಾಳಿ ಮುಗಿಯುವವರೆಗೆ ಧರಿಸಿಯೇ ಇರುವುದು ಕೈಗೆ ಬಿದ್ದ ನಾಲ್ಕು ಹನಿಗಿಂತ ಹೆಚ್ಚು ಅಪಾಯಕರ. ಬ್ಯುಟೈಲ್ ರಬ್ಬರಿನ ಕೈಗವಸು, ಕಣ್ಣಿನ ಸುತ್ತ ಬಿಗಿಯಾಗಿ ಕೂರುವ ಕನ್ನಡಕ, ಗಾಳಿ ಹೊರದೂಡುವ ವ್ಯವಸ್ಥೆ, ವರ್ಗಾವಣೆಯ ಮುನ್ನ ಎರಡೂ ಪಾತ್ರೆಗಳಿಗೆ ಅರ್ಥಿಂಗ್ ತಂತಿ, ಇವು ಬೇಕು. ಬಾಯಿಂದ ಹೀರಿ ಪೈಪಿಗೆ ಹರಿವು ಕೊಡುವ ರೂಢಿ ಎಲ್ಲೇ ಇದ್ದರೂ ಅದನ್ನು ಅಂದೇ ನಿಲ್ಲಿಸಬೇಕು.

ಪ್ರಶ್ನೆ: ಮೈಮೇಲೆ ಚೆಲ್ಲಿದಾಗ, ಕಣ್ಣಿಗೆ ಸಿಡಿದಾಗ, ಬಟ್ಟೆಗೆ ಬೆಂಕಿ ತಗುಲಿದಾಗ ತಕ್ಷಣ ಮಾಡಬೇಕಾದುದೇನು?

ಉತ್ತರ: ಚೆಲ್ಲಿದ ಬಟ್ಟೆಯನ್ನು ಕೂಡಲೇ ಕಳಚಿ, ಬೆಂಕಿಯಿಂದ ದೂರವಿರಿಸಿ, ಮೈಯನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ತೊಳೆಯಬೇಕು. ಕಣ್ಣಿಗೆ ಸಿಡಿದಿದ್ದರೆ ರೆಪ್ಪೆಗಳನ್ನು ಬಿಡಿಸಿ ಹಿಡಿದು ಕನಿಷ್ಠ 15 ನಿಮಿಷ ಶುದ್ಧ ನೀರು ಹರಿಸಬೇಕು, ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ನಡುವೆ ತೆಗೆಯಬೇಕು. ಬಟ್ಟೆ ಹೊತ್ತಿಕೊಂಡಾಗ ಓಡುವುದರಿಂದ ಗಾಳಿ ಹೆಚ್ಚಾಗಿ ಉರಿ ಬಲಗೊಳ್ಳುತ್ತದೆಯಾದ್ದರಿಂದ ನೆಲಕ್ಕೆ ಬಿದ್ದು ಹೊರಳಬೇಕು. ಪಕ್ಕದಲ್ಲಿದ್ದವರು ದಪ್ಪ ಹತ್ತಿ ಅಥವಾ ಉಣ್ಣೆಯ ಕಂಬಳಿ ಹೊದಿಸಿ ಅದುಮಿ, ಜ್ವಾಲೆ ಕಾಣದಿದ್ದರೂ ಆರಿದೆಯೆಂದು ಊಹಿಸದೆ ನೀರು ಸುರಿಯುತ್ತಲೇ ಇರಬೇಕು. ಸುಟ್ಟ ಭಾಗವನ್ನು 20 ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿದು, ಊತ ಬರುವ ಮುನ್ನ ಉಂಗುರ, ಬಳೆ, ಕೈಗಡಿಯಾರಗಳನ್ನು ತೆಗೆದು, ಶುಭ್ರ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ಆಸ್ಪತ್ರೆಗೆ ಸಾಗಿಸಬೇಕು. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಕೀಳಬಾರದು. ಅರಿಶಿನ, ಇಂಕು, ಟೂತ್‌ಪೇಸ್ಟ್ ಬಳಿದು ತಂದರೆ, ಗಾಯದ ಆಳ ಅಳೆಯುವುದಕ್ಕಾಗಿ ವೈದ್ಯರು ಮೊದಲು ಅದನ್ನು ಉಜ್ಜಿ ತೆಗೆಯಬೇಕಾಗುತ್ತದೆ, ಆ ನೋವನ್ನು ರೋಗಿ ಅನುಭವಿಸಬೇಕಾಗುತ್ತದೆ.

ಪ್ರಶ್ನೆ: ಯಾರಾದರೂ ತಿಳಿಯದೆ ಒಂದು ಗುಟುಕು ಮೆಥನಾಲ್ ನುಂಗಿದ್ದು, ಕೆಲವು ಗಂಟೆಗಳ ನಂತರವೂ ಚೆನ್ನಾಗಿಯೇ ಇದ್ದರೆ ಆಸ್ಪತ್ರೆಗೆ ಹೋಗುವ ಅಗತ್ಯವಿದೆಯೇ?

ಉತ್ತರ: ಚೆನ್ನಾಗಿರುವ ಆ ಗಂಟೆಗಳೇ ಚಿಕಿತ್ಸೆಗೆ ಇರುವ ಅವಕಾಶ. ಮೆಥನಾಲ್ ತಾನಾಗಿ ಎಥನಾಲ್‌ಗಿಂತ ಹೆಚ್ಚು ಅಮಲೇರಿಸುವ ಪದಾರ್ಥವೇನಲ್ಲ. ಯಕೃತ್ತಿನಲ್ಲಿ ಆಲ್ಕೋಹಾಲ್ ಡೀಹೈಡ್ರೋಜಿನೇಸ್ ಎಂಬ ಕಿಣ್ವ ಅದನ್ನು ಮೊದಲು ಫಾರ್ಮಾಲ್ಡಿಹೈಡ್ ಆಗಿ, ಬಳಿಕ ಇನ್ನೊಂದು ಕಿಣ್ವ ಅದನ್ನು ಫಾರ್ಮಿಕ್ ಆಮ್ಲವಾಗಿ ಮಾರ್ಪಡಿಸಿದಾಗ ವಿಷ ತಯಾರಾಗುತ್ತದೆ. ಫಾರ್ಮಿಕ್ ಆಮ್ಲವನ್ನು ಹೊರಹಾಕುವ ಶಕ್ತಿ ಮನುಷ್ಯನ ದೇಹಕ್ಕೆ ಕಡಿಮೆ ಇರುವುದರಿಂದ ಅದು ರಕ್ತದಲ್ಲಿ ಶೇಖರವಾಗುತ್ತ, ಜೀವಕೋಶಗಳು ಆಮ್ಲಜನಕವನ್ನು ಬಳಸಿಕೊಳ್ಳುವ ಕ್ರಿಯೆಗೇ ತಡೆಯೊಡ್ಡುತ್ತದೆ. ಹೆಚ್ಚು ಶಕ್ತಿ ಬೇಡುವ ದೃಷ್ಟಿನರ ಮೊದಲು ಸೋಲುತ್ತದೆ. ಹೀಗೆ ವಿಷ ಕೂಡಿಕೊಳ್ಳುವುದಕ್ಕೆ ಸಾಮಾನ್ಯವಾಗಿ 12ರಿಂದ 24 ಗಂಟೆ ಹಿಡಿಯುತ್ತದೆ, ಜೊತೆಗೆ ಮದ್ಯವನ್ನೂ ಸೇವಿಸಿದ್ದರೆ ಇನ್ನೂ ತಡವಾಗುತ್ತದೆ. ಬಳಿಕ ಹೊಟ್ಟೆನೋವು, ವಾಂತಿ, ಓಡಿ ಬಂದವರಂತೆ ಆಳವಾದ ಏದುಸಿರು, ಹಿಮ ಸುರಿಯುತ್ತಿರುವಂತೆ ಅಥವಾ ದಟ್ಟ ಮಂಜಿನಲ್ಲಿ ನಿಂತಂತೆ ಬೆಳ್ಳಗಾಗುವ ನೋಟ ಕಾಣಿಸಿಕೊಳ್ಳುತ್ತವೆ. ಟಾರ್ಚಿನ ಬೆಳಕು ಬಿಟ್ಟರೂ ಕುಗ್ಗದೆ ಅಗಲವಾಗಿಯೇ ನಿಂತ ಪಾಪೆಗಳು ವೈದ್ಯರಿಗೆ ಕೆಟ್ಟ ಸೂಚನೆ. ಸುಮಾರು 10 ಮಿಲಿಲೀಟರ್ ಶುದ್ಧ ಮೆಥನಾಲ್ ದೃಷ್ಟಿ ಕಳೆದ, 30 ಮಿಲಿಲೀಟರ್ ಪ್ರಾಣ ತೆಗೆದ ದಾಖಲೆಗಳು ವೈದ್ಯಕೀಯ ಸಾಹಿತ್ಯದಲ್ಲಿವೆ. ಒಂದು ಗುಟುಕೆಂದರೆ ಅದರ ಆಸುಪಾಸಿನ ಪ್ರಮಾಣವೇ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಕಳ್ಳಭಟ್ಟಿ ದುರಂತಕ್ಕೆ ಕಾರಣವಾದುದೂ ಮೆಥನಾಲ್ ಬೆರೆತ ಮದ್ಯವೇ.

ವಾಂತಿ ಮಾಡಿಸಬಾರದು. ಇತರ ವಿಷಗಳಿಗೆ ಕೊಡುವ ಇದ್ದಿಲಪುಡಿ ಮೆಥನಾಲನ್ನು ಹಿಡಿದಿಡಲಾರದು. ಆಸ್ಪತ್ರೆಯಲ್ಲಿ ಚಿಕಿತ್ಸೆಯ ಮೊದಲ ಗುರಿ, ಮೇಲೆ ಹೇಳಿದ ಕಿಣ್ವವನ್ನು ತಡೆಹಿಡಿದು ಮೆಥನಾಲ್ ವಿಷವಾಗದಂತೆ ನಿಲ್ಲಿಸುವುದು. ಇದಕ್ಕೆ ಫೋಮೆಪಿಜೋಲ್ ಎಂಬ ಔಷಧವಿದೆ. ಅದು ದೊರೆಯದೆಡೆ ಎಥನಾಲನ್ನೇ ಅಳತೆ ಮಾಡಿ ಕೊಡುತ್ತಾರೆ, ಏಕೆಂದರೆ ಕಿಣ್ವವು ಮೆಥನಾಲ್‌ಗಿಂತ ಎಥನಾಲನ್ನೇ ಮೊದಲು ಹಿಡಿದುಕೊಳ್ಳುತ್ತದೆ. ರಕ್ತದ ಆಮ್ಲತೆಯನ್ನು ಸೋಡಿಯಂ ಬೈಕಾರ್ಬೊನೇಟ್‌ನಿಂದ ಸರಿಪಡಿಸಿ, ಫಾರ್ಮಿಕ್ ಆಮ್ಲ ಬೇಗ ಕರಗಲೆಂದು ಫೋಲಿನಿಕ್ ಆಮ್ಲ ಕೊಟ್ಟು, ತೀವ್ರ ಪ್ರಕರಣಗಳಲ್ಲಿ ಡಯಾಲಿಸಿಸ್ ಮೂಲಕ ಮೆಥನಾಲ್ ಮತ್ತು ಆಮ್ಲ ಎರಡನ್ನೂ ಸೋಸಿ ತೆಗೆಯುತ್ತಾರೆ. ಮೆಥನಾಲ್ ಕುಡಿದವರಿಗೆ ಬ್ರಾಂದಿ ಕುಡಿಸಿದರೆ ಸಾಕೆಂಬ ಮಾತು ಹುಟ್ಟಿದ್ದು ಇದೇ ತತ್ತ್ವದ ಅರೆತಿಳಿವಿನಿಂದ. ಆಸ್ಪತ್ರೆಯಲ್ಲಿ ರಕ್ತದ ಪ್ರಮಾಣವನ್ನು ಮತ್ತೆಮತ್ತೆ ಪರೀಕ್ಷಿಸುತ್ತ ಗಂಟೆಗಂಟೆಗೆ ಕೊಡುವ ಎಥನಾಲ್‌ಗೂ ಮನೆಯಲ್ಲಿ ಅಂದಾಜಿನಿಂದ ಸುರಿಯುವ ಮದ್ಯಕ್ಕೂ ಹೋಲಿಕೆಯಿಲ್ಲ. ಎರಡನೆಯದು ಲಕ್ಷಣಗಳನ್ನು ಮರೆಮಾಚಿ, ಆಸ್ಪತ್ರೆ ಸೇರುವುದನ್ನು ಇನ್ನಷ್ಟು ಮುಂದೂಡುತ್ತದೆ. 108ಕ್ಕೆ ಕರೆಮಾಡುವಾಗ ರಾಸಾಯನಿಕದ ಹೆಸರನ್ನು ಹೇಳಬೇಕು, ಡಬ್ಬದ ಚೀಟಿಯನ್ನಾದರೂ ರೋಗಿಯ ಜೊತೆ ಕಳುಹಿಸಬೇಕು, ಸಾಧ್ಯವಾದರೆ ಡಯಾಲಿಸಿಸ್ ಸೌಲಭ್ಯವಿರುವ ಆಸ್ಪತ್ರೆಗೇ ನೇರವಾಗಿ ಕರೆದೊಯ್ಯಬೇಕು.

ಪ್ರಶ್ನೆ: ಹೆದ್ದಾರಿಯಲ್ಲಿ ಮೆಥನಾಲ್ ಟ್ಯಾಂಕರ್ ಉರುಳಿದರೆ ಹತ್ತಿರದ ಊರಿನವರು ಹೇಗೆ ನಡೆದುಕೊಳ್ಳಬೇಕು?

ಉತ್ತರ: ಮೊದಲು ಟ್ಯಾಂಕರಿನ ಮೇಲಿನ ಫಲಕವನ್ನು ದೂರದಿಂದಲೇ ನೋಡಬೇಕು; ಅಲ್ಲಿ 1230 ಎಂಬ ಸಂಖ್ಯೆಯಿದ್ದರೆ ಅದು ಮೆಥನಾಲ್‌ಗೆ ವಿಶ್ವಸಂಸ್ಥೆಯ ಪಟ್ಟಿಯಲ್ಲಿರುವ ಗುರುತು. ಆ ಸಂಖ್ಯೆಯನ್ನು 112ಕ್ಕೆ ತಿಳಿಸಿದರೆ ಅಗ್ನಿಶಾಮಕ ದಳ ಸರಿಯಾದ ನೊರೆಯೊಂದಿಗೆ ಬರಲು ಅನುಕೂಲವಾಗುತ್ತದೆ. ಸೋರಿಕೆ ಮಾತ್ರವಿದ್ದರೆ ಸುತ್ತಲೂ ಕನಿಷ್ಠ 50 ಮೀಟರ್, ಟ್ಯಾಂಕರಿಗೆ ಬೆಂಕಿ ಆವರಿಸಿದ್ದರೆ 800 ಮೀಟರ್ ದೂರ ಸರಿಯಬೇಕು, ಮತ್ತು ಗಾಳಿ ಬೀಸಿಬರುವ ದಿಕ್ಕಿನಲ್ಲಿ ನಿಲ್ಲಬೇಕು. ಆವಿ ಗಾಳಿಗಿಂತ ತುಸು ಭಾರವಾದ್ದರಿಂದ ಮೋರಿ ಮತ್ತು ಚರಂಡಿಗಳಲ್ಲಿ ನಿಲ್ಲುತ್ತದೆ. ಬೈಕ್ ಚಾಲೂ ಮಾಡುವುದೂ ಬೀಡಿ ಹಚ್ಚುವುದೂ ಅಲ್ಲಿ ಒಂದೇ. ಬಿಂದಿಗೆ, ಕ್ಯಾನುಗಳೊಂದಿಗೆ ಧಾವಿಸಿ ದ್ರವವನ್ನು ತುಂಬಿಕೊಳ್ಳುವ ದೃಶ್ಯ ನಮ್ಮ ಹೆದ್ದಾರಿಗಳಿಗೆ ಹೊಸತಲ್ಲ. ಡೀಸೆಲ್ ಎಂದೋ ಸ್ಪಿರಿಟ್ ಎಂದೋ ಭಾವಿಸಿ ಒಯ್ದದ್ದು ಅಡುಗೆಮನೆಯ ಒಲೆಯ ಬಳಿ ಹೊತ್ತಿಕೊಳ್ಳಬಹುದು, ಇಲ್ಲವೇ ಕುಡಿಯುವವರ ಕೈಗೆ ಸಿಗಬಹುದು. ಎಣ್ಣೆಯಂತೆ ಇದು ನೀರಿನ ಮೇಲೆ ತೇಲದಿರುವುದರಿಂದ ಬಾವಿ ಅಥವಾ ಕೆರೆಗೆ ಸೇರಿದ ಮೇಲೆ ಎತ್ತಿ ತೆಗೆಯಲಾಗದು. ಪರಿಣತರು ಅನುಮತಿಸಿದ ಬಳಿಕ ದೂರದಲ್ಲಿಯೇ ಮಣ್ಣು ಅಥವಾ ಮರಳಿನ ಒಡ್ಡು ಕಟ್ಟಿ ತಡೆಯುವುದು ಮೇಲು. ಮರದ ಹೊಟ್ಟು ತಾನೇ ಉರಿಯುವ ವಸ್ತುವಾದ್ದರಿಂದ ಅದನ್ನು ಬಳಸಬಾರದು.

ಪ್ರಶ್ನೆ: ಶಾಲೆಯ ವಿಜ್ಞಾನ ಪ್ರದರ್ಶನಗಳಲ್ಲಿ ಮೆಥನಾಲ್ ಉರಿಸಿ ಬಣ್ಣಬಣ್ಣದ ಜ್ವಾಲೆ ತೋರಿಸುವುದು ಸುರಕ್ಷಿತವೇ?

ಉತ್ತರ: ಸುರಕ್ಷಿತವಲ್ಲ. ಜ್ವಾಲೆ ಆರಿತೆಂದು ಭಾವಿಸಿ ದೊಡ್ಡ ಬಾಟಲಿಯಿಂದ ಮತ್ತೆ ಮೆಥನಾಲ್ ಸುರಿದಾಗ ಉರಿ ಬಾಟಲಿಯೊಳಕ್ಕೆ ಓಡಿ, ಒಳಗಿನ ಆವಿ ಒಮ್ಮೆಲೇ ಹೊತ್ತಿಕೊಂಡು, ಉಳಿದ ದ್ರವವನ್ನು ಬೆಂಕಿಯ ಕೊಳವೆಯಾಗಿ ಹಲವು ಅಡಿ ದೂರ ಚಿಮ್ಮಿಸುತ್ತದೆ; ಎದುರಿಗೆ ಸಾಮಾನ್ಯವಾಗಿ ಮೊದಲ ಸಾಲಿನ ಮಕ್ಕಳಿರುತ್ತಾರೆ. ಅಮೆರಿಕದ ಶಾಲೆಗಳಲ್ಲಿ ಮತ್ತು ವಿಜ್ಞಾನ ಸಂಗ್ರಹಾಲಯದಲ್ಲಿ ಮಕ್ಕಳು ಹೀಗೆ ಸುಟ್ಟುಕೊಂಡ ಬಳಿಕ, 2014ರಲ್ಲಿ ಅಲ್ಲಿನ ರಾಸಾಯನಿಕ ಸುರಕ್ಷತಾ ಮಂಡಳಿ ಇಂತಹ ಪ್ರದರ್ಶನಗಳ ಬಗ್ಗೆ ಪ್ರತ್ಯೇಕ ಎಚ್ಚರಿಕೆ ಹೊರಡಿಸಿತು. ಲವಣದ ನೀರಿನಲ್ಲಿ ನೆನೆಸಿದ ಮರದ ಕಡ್ಡಿಯನ್ನು ಬನ್ಸೆನ್ ಬರ್ನರಿನ ಉರಿಗೆ ಹಿಡಿದರೂ ಅದೇ ಬಣ್ಣಗಳು ಕಾಣುತ್ತವೆ.

ಪ್ರಶ್ನೆ: ಮೆಥನಾಲ್ ಜೊತೆ ನಿತ್ಯ ದುಡಿಯುವವರಿಗೆ ಯಾವ ಆರೋಗ್ಯ ತಪಾಸಣೆ ಬೇಕು?

ಉತ್ತರ: ದೃಷ್ಟಿಯ ತೀಕ್ಷ್ಣತೆ, ಬಣ್ಣಗಳ ಗ್ರಹಿಕೆ ಮತ್ತು ಕಣ್ಣಿನ ಹಿಂಭಾಗದ ಪರೀಕ್ಷೆಯನ್ನು ಕೆಲಸಕ್ಕೆ ಸೇರುವಾಗಲೇ ಮಾಡಿ ದಾಖಲಿಸಿದರೆ ಮುಂದಿನ ಬದಲಾವಣೆಯನ್ನು ಹೋಲಿಸಲು ಆಧಾರ ದೊರೆಯುತ್ತದೆ. ರಾಸಾಯನಿಕಗಳೊಂದಿಗೆ ದುಡಿಯುವವರ ಆರೋಗ್ಯ ದಾಖಲೆಗಳನ್ನು ಇಟ್ಟು ಕೆಲಸಗಾರರಿಗೂ ನೋಡಲು ಕೊಡಬೇಕೆಂಬ ವಿಧಿಯನ್ನು, ಭೋಪಾಲ್ ದುರಂತದ ನಂತರ, 1987ರ ತಿದ್ದುಪಡಿಯು ಕಾರ್ಖಾನೆಗಳ ಕಾಯ್ದೆಗೆ ಸೇರಿಸಿತು. ಅದನ್ನು ಕೇಳಿ ಪಡೆದವರು ವಿರಳ. ಮೂತ್ರದಲ್ಲಿನ ಮೆಥನಾಲ್ ಪರೀಕ್ಷೆಯೂ ಇದ್ದು, ಲೀಟರಿಗೆ 15 ಮಿಲಿಗ್ರಾಂ ದಾಟಿದರೆ ಕೆಲಸದ ಸ್ಥಳದಲ್ಲಿ ಸಂಪರ್ಕ ಅತಿಯಾಗಿದೆಯೆಂದು ತಿಳಿಯಲಾಗುತ್ತದೆ. ಮಾದರಿಯನ್ನು ಪಾಳಿ ಮುಗಿದ ಕೂಡಲೇ ಪಡೆಯಬೇಕು. ಮೆಥನಾಲ್ ರಾತ್ರಿ ಕಳೆಯುವಷ್ಟರಲ್ಲಿ ದೇಹದಿಂದ ಬಹುಪಾಲು ಹೊರಟುಹೋಗುವುದರಿಂದ, ವಾರದ ರಜೆ ಮುಗಿಸಿ ಸೋಮವಾರ ಬೆಳಗ್ಗೆ ಬಂದವರಿಂದ ಪಡೆದ ಮಾದರಿಯಲ್ಲಿ ದೋಷವಿಲ್ಲವೆಂಬ ವರದಿ ಬಂದರೆ ಅದರಿಂದ ಏನೂ ತಿಳಿಯುವುದಿಲ್ಲ.