ಕೆರೆಯ ಮೀನುಗಳು ಸೊರಗಿದಲ್ಲಿ ಕಾರಣವನ್ನು ಕಂಡುಹಿಡಿಯುವ ಕ್ರಮ

(ಕೃಷಿ ಇನ್‌ಸ್ಪೆಕ್ಟರರೊಬ್ಬರಿಂದ)

ನೆಲದ ಮೇಲಿನ ಪ್ರಾಣಿಗೆ ಗಾಳಿಯು ಹೇಗೋ ಜಲಚರಗಳಿಗೆ ನೀರೂ ಹಾಗೆಯೇ. ಹಸುವು ಮೇವು ಬಿಟ್ಟರೆ ಮೊದಲು ಹಸುವನ್ನು ಪರೀಕ್ಷಿಸುವೆವು. ಮೀನು ಸೊರಗಿದರೆ ಮೊದಲು ನೀರನ್ನು ಪರೀಕ್ಷಿಸತಕ್ಕದ್ದು. ಸಮುದ್ರದ ಹವಳವು ಬಿಳಿಚಿಕೊಂಡಾಗ ಬಲ್ಲವರು ಮೊದಲು ನೀರಿನ ಶಾಖವನ್ನು ಅಳೆಯುವುದೂ ಇದೇ ಕಾರಣದಿಂದ. ಈ ಮಾತನ್ನು ಮರೆತರೆ ಮೀನು ಹೋಗುವುದಲ್ಲದೆ, ನೆರೆಹೊರೆಯ ಸ್ನೇಹವೂ ಹೋಗುವ ಸಂಭವವುಂಟು. ಅದಕ್ಕೊಂದು ದೃಷ್ಟಾಂತವನ್ನು ಹೇಳುವೆನು.

ಐವರ್ನಾಡಿನ ಕಡೆಯ ಒಂದು ಅಡಿಕೆ ತೋಟದಲ್ಲಿ ಸುಮಾರು 5 ಸೆಂಟ್ಸ್ ವಿಸ್ತಾರದ ಕೆರೆಯುಂಟು. ಯಜಮಾನರು ಅದರಲ್ಲಿ ಕಾಟ್ಲಾ, ರೋಹು ಜಾತಿಯ ನೂರು ಮರಿಗಳನ್ನು ಬಿಟ್ಟಿದ್ದರು. ಆಟಿ ತಿಂಗಳ ಒಂದು ದಿನ ಮಧ್ಯಾಹ್ನದ ಮಳೆ ನಿಂತ ಮೇಲೆ ಮೀನುಗಳು ಹುಚ್ಚು ಹಿಡಿದಂತೆ ಸುತ್ತಾಡಿ, ಸಂಜೆಯೊಳಗೆ ಮುಕ್ಕಾಲು ಪಾಲು ಸತ್ತು ತೇಲಿದವು. ನೆರೆಯ ತೋಟದವರೊಡನೆ ಗಡಿಯ ವ್ಯಾಜ್ಯವಿದ್ದುದರಿಂದ, ಅವರೇ ವಿಷ ಹಾಕಿಸಿದರೆಂದು ಯಜಮಾನರು ನಿಶ್ಚಯಿಸಿ ಊರಿನ ಹಿರಿಯರಲ್ಲಿ ದೂರು ಹೇಳಿದರು. ಹಿರಿಯರು ವಿವೇಕಿಗಳು, ಪೊಲೀಸರಿಗೆ ತಿಳಿಸುವ ಮೊದಲು ನನ್ನನ್ನು ಕರೆಯಿಸಿದರು.

ಇಂತಹ ಸಂದರ್ಭದಲ್ಲಿ ಕೇಳಬೇಕಾದ ಪ್ರಶ್ನೆಗಳು ನಾಲ್ಕು: ಮೀನು ಯಾವ ಹೊತ್ತಿನಲ್ಲಿ ಸತ್ತಿತು? ದೊಡ್ಡವು ಸತ್ತವೋ, ಚಿಕ್ಕವೋ, ಎಲ್ಲವೂ ಸತ್ತವೋ? ಒಮ್ಮೆಗೇ ಸತ್ತವೋ, ದಿನಕ್ಕೆ ಕೆಲವರಂತೆ ಸತ್ತವೋ? ಮೀನಲ್ಲದೆ ಬೇರೆ ಯಾವ ಜೀವಿಗಳು ಸತ್ತವು? ಈ ನಾಲ್ಕಕ್ಕೆ ಸರಿಯಾದ ಉತ್ತರ ದೊರೆತರೆ ಕಾರಣವು ಬಹುಮಟ್ಟಿಗೆ ತಾನಾಗಿಯೇ ಗೋಚರವಾಗುವುದು.

ಮೊದಲನೆಯ ಕಾರಣ: ಪ್ರಾಣವಾಯುವಿನ ಕೊರತೆ.
ನೀರಿನಲ್ಲಿರುವ ಹಸಿರು ಪಾಚಿಯು ಹಗಲಿನಲ್ಲಿ ಬಿಸಿಲಿನ ಸಹಾಯದಿಂದ ಪ್ರಾಣವಾಯುವನ್ನು ಕೊಡುತ್ತದೆ. ರಾತ್ರಿ ತಾನೇ ಅದನ್ನು ಸೇವಿಸುತ್ತದೆ. ಮೋಡ ಕವಿದ ದಿನಗಳು ಒಂದರ ಮೇಲೊಂದು ಬಂದರೆ ಉತ್ಪತ್ತಿಗಿಂತ ವೆಚ್ಚವೇ ಹೆಚ್ಚಾಗಿ, ಬೆಳಗಿನ ಜಾವಕ್ಕೆ ನೀರಿನಲ್ಲಿ ಪ್ರಾಣವಾಯುವು ತಳ ಕಾಣುವುದು. ಆಗ ಮೀನುಗಳು ನೀರಿನ ಮೇಲ್ಗಡೆಗೆ ಬಂದು ಬಾಯಿ ತೆರೆದು ಉಸಿರಿಗಾಗಿ ಪರದಾಡುತ್ತವೆ. ದೊಡ್ಡ ಮೀನುಗಳೇ ಮೊದಲು ಸಾಯುವುವು. ಬಿಸಿಲೇರಿದ ಮೇಲೆ ಉಳಿದವು ಚೇತರಿಸಿಕೊಳ್ಳುವುವು. ಲೀಟರ್ ನೀರಿನಲ್ಲಿ 5 ಮಿಲಿಗ್ರಾಂ ಪ್ರಾಣವಾಯು ಇದ್ದರೆ ಕ್ಷೇಮ. 3ಕ್ಕಿಂತ ಕೆಳಗಿಳಿದರೆ ಮೀನಿಗೆ ಸಂಕಟ. ಹಟ್ಟಿಗೊಬ್ಬರವನ್ನೂ ಹಿಂಡಿಯನ್ನೂ ಮಿತಿಮೀರಿ ಹಾಕುವವರ ಕೆರೆಗಳಲ್ಲಿ ಇದು ಸಾಮಾನ್ಯ. ಪರೀಕ್ಷೆಗೆ ಯಂತ್ರ ಬೇಡ: ಮೊಣಕೈಯವರೆಗೆ ಕೈಯನ್ನು ನೀರಿನಲ್ಲಿ ಇಳಿಸಿರಿ. ಅಷ್ಟರೊಳಗೇ ಅಂಗೈಯು ಹಸಿರಿನಲ್ಲಿ ಮರೆಯಾದರೆ ಪಾಚಿ ಅತಿಯಾಗಿದೆಯೆಂದು ತಿಳಿಯತಕ್ಕದ್ದು. ಕೂಡಲೆ ಗೊಬ್ಬರವನ್ನೂ ಆಹಾರವನ್ನೂ ನಿಲ್ಲಿಸಿ, ತೋಟದ ಪಂಪಿನಿಂದ ಕೆರೆಯ ನೀರನ್ನೇ ಎತ್ತಿ ಎತ್ತರದಿಂದ ತುಂತುರಾಗಿ ಕೆರೆಗೇ ಬೀಳಿಸಬೇಕು.

ಎರಡನೆಯ ಕಾರಣ: ರೋಗ.
ರೋಗವು ಎಲ್ಲವನ್ನೂ ಒಂದೇ ಸಂಜೆ ಕೊಲ್ಲುವುದು ವಿರಳ. ಇಂದು ಎರಡು, ನಾಳೆ ನಾಲ್ಕು ಎಂಬಂತೆ ಸಾವು ಮುಂದುವರಿಯುತ್ತದೆ. ಅನೇಕ ವೇಳೆ ಒಂದೇ ಜಾತಿಯವು ಹೆಚ್ಚಾಗಿ ನರಳುತ್ತವೆ. ಮೈಮೇಲೆ ಕುರುಹು ಇರುತ್ತದೆ. ನಮ್ಮ ದೇಶದ ಈಶಾನ್ಯ ಪ್ರಾಂತಗಳಲ್ಲಿ 1988ರಲ್ಲಿ ಕಾಣಿಸಿಕೊಂಡು ಅನಂತರ ದಕ್ಷಿಣಕ್ಕೂ ಹಬ್ಬಿದ ಹುಣ್ಣುರೋಗವು ಒಂದು ಬಗೆಯ ಬೂಷ್ಟಿನಿಂದ ಬರತಕ್ಕದ್ದು. ಮೈಮೇಲಿನ ಕೆಂಪು ಕಲೆಗಳು ಕ್ರಮೇಣ ಆಳವಾದ ಹುಣ್ಣುಗಳಾಗುವುವು. ಇಂತಹ ಮೀನನ್ನು ಬೇರೆ ಕೆರೆಗೆ ಬಿಡಲೂ ಕೂಡದು, ಅದೇ ಬಲೆಯನ್ನು ಒಣಗಿಸದೆ ಬೇರೆಡೆ ಬೀಸಲೂ ಕೂಡದು.

ಮೂರನೆಯ ಕಾರಣ: ವಿಷ.
ವಿಷ ಬಿದ್ದಾಗ ಹೊತ್ತಿನ ನಿಯಮವಿಲ್ಲ, ಜಾತಿಯ ಭೇದವಿಲ್ಲ. ದೊಡ್ಡದು ಚಿಕ್ಕದು ಒಟ್ಟಿಗೆ ಸಾಯುವುವು. ನೀರಿನ ಹುಳುಗಳು, ಗೊದಮೊಟ್ಟೆಗಳು ಸಹ ಸಾಯಬಹುದು. ಆದರೆ ವಿಷವೆಂದರೆ ಶತ್ರುವು ಹಾಕಿದ್ದೇ ಆಗಬೇಕೆಂದಿಲ್ಲ. ಈ ಮಾತನ್ನು ಹಿರಿಯರು ವಿಶೇಷವಾಗಿ ಲಕ್ಷ್ಯದಲ್ಲಿಡಬೇಕು.

ಮೇಲೆ ಹೇಳಿದ ಕೆರೆಯಲ್ಲಿ ನೀರು ತಿಳಿಯಾಗಿತ್ತು. ಸಾವು ಮಧ್ಯಾಹ್ನದ ಮೇಲಾದುದು. ಆದುದರಿಂದ ಪ್ರಾಣವಾಯುವಿನ ಕೊರತೆಯಲ್ಲ. ಮೈಮೇಲೆ ಹುಣ್ಣಿರಲಿಲ್ಲ; ಆದುದರಿಂದ ರೋಗವೂ ಅಲ್ಲ. ಕಿವಿರುಗಳ ಮೇಲೆ ದಪ್ಪನಾದ ಲೋಳೆ ಕಟ್ಟಿತ್ತು. ದಡದುದ್ದಕ್ಕೂ ನೀರಿನ ಬಸವನಹುಳುಗಳು ಸತ್ತು ಬಿದ್ದಿದ್ದವು. ಬಸವನಹುಳುವಿಗೆ ತಾಮ್ರದಷ್ಟು ಮಾರಕವಾದುದು ಸ್ವಲ್ಪವೇ. ನಾನು ದಡದ ಮೇಲೆ ನಡೆದುಹೋಗಿ ನೋಡಲು, ಕೆರೆಗೆ ಮಳೆನೀರು ಇಳಿಯುವ ಕಣಿಯ ಪಕ್ಕದಲ್ಲಿ ಅಡಿಕೆಗೆ ಮದ್ದು ಬಿಡುವ ಪೀಪಾಯಿಯೊಂದು ಮಗುಚಿಕೊಂಡಿತ್ತು. ಹುಲ್ಲಿನ ಮೇಲೆ ನೀಲಿಯ ಕಲೆಯಿತ್ತು.

ವಿಚಾರಿಸಲಾಗಿ ಸಂಗತಿಯು ಹೊರಬಿತ್ತು. ಅಂದು ಬೆಳಿಗ್ಗೆ ಎರಡನೆಯ ಸಲದ ಮದ್ದು ಬಿಡುತ್ತಿರುವಾಗ ಮಳೆ ಬಂದುದರಿಂದ, ಆಳುಗಳು ಉಳಿದ ಅರ್ಧ ಪೀಪಾಯಿಯನ್ನು ಅಲ್ಲಿಯೇ ಚೆಲ್ಲಿ ಮನೆಗೆ ಹೋಗಿದ್ದರು. ಕೊಳೆರೋಗದ ಬಗ್ಗೆ 1910ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಬರೆದ ಕಾಲದಿಂದಲೂ ಬೋರ್ಡೋ ದ್ರಾವಣವು ಅಡಿಕೆಯ ರಕ್ಷಕವಾಗಿದೆ. ಅದನ್ನು ಬಿಡಿರೆಂದು ನಾನು ಹೇಳುವುದಿಲ್ಲ. ಆದರೆ ಲೆಕ್ಕವನ್ನು ನೋಡಿರಿ. ನೂರು ಲೀಟರ್ ದ್ರಾವಣಕ್ಕೆ 1 ಕಿಲೋ ಮೈಲುತುತ್ತು. ಅದರಲ್ಲಿ ಕಾಲು ಭಾಗ ತಾಮ್ರ, ಎಂದರೆ 250 ಗ್ರಾಂ. ಆ ಕೆರೆಯಲ್ಲಿ ಒಂದೂವರೆ ಮೀಟರ್ ಆಳದಂತೆ ಸುಮಾರು 3 ಲಕ್ಷ ಲೀಟರ್ ನೀರು. ಎಲ್ಲವೂ ಕೆರೆಗಿಳಿದರೆ ಲೀಟರಿಗೆ 0.8 ಮಿಲಿಗ್ರಾಂ ತಾಮ್ರ. ನಮ್ಮ ಮುರಕಲ್ಲಿನ ನೆಲದ ನೀರು ಮೃದುವಾದುದು. ಮೃದುನೀರಿನಲ್ಲಿ ತಾಮ್ರದ ತೀಕ್ಷ್ಣತೆ ಹೆಚ್ಚು. ಮೀನು ಉಳಿಯುವುದಾದರೂ ಹೇಗೆ?

ಪೀಪಾಯಿಯ ತಳದಲ್ಲಿ ಉಳಿದ ಮದ್ದಿನಲ್ಲಿ, ಉಜ್ಜಿ ಹೊಳಪಿಸಿದ ಕತ್ತಿಯನ್ನು ಒಂದು ನಿಮಿಷ ಅದ್ದಿ ತೆಗೆದೆನು. ಅಲಗಿಗೆ ತಾಮ್ರದ ಕೆಂಪು ಹತ್ತಿತು. ಸುಣ್ಣವು ಹಳೆಯದಾಗಿ ಸತ್ವ ಕಳೆದುಕೊಂಡಿದ್ದುದರಿಂದ ಮೈಲುತುತ್ತು ಪೂರ್ತಿಯಾಗಿ ಶಮನವಾಗಿರಲಿಲ್ಲವೆಂಬುದಕ್ಕೆ ಇದೇ ಸಾಕ್ಷಿ. ಯಜಮಾನರು ಆ ಕತ್ತಿಯನ್ನು ಬಹಳ ಹೊತ್ತು ನೋಡಿ, ಮರುದಿನ ತಾವೇ ನೆರೆಯವರ ಮನೆಗೆ ಹೋದರು.

ಇನ್ನು ಮುಂದಿನ ಎಚ್ಚರಿಕೆಗಳು. ಮದ್ದು ಕಲಸುವ ಸ್ಥಳವು ಕೆರೆಗೂ ಕಣಿಗೂ ದೂರವಾಗಿರಲಿ. ಉಳಿದ ಮದ್ದನ್ನು, ಪೀಪಾಯಿ ತೊಳೆದ ನೀರನ್ನು ಕೆರೆಯ ಕಡೆಗೆ ಹರಿಯಗೊಡಬಾರದು. ಕತ್ತಿಯ ಪರೀಕ್ಷೆಯಿಲ್ಲದೆ ಮದ್ದು ಬಿಡಬಾರದು. ಹಾಗೆ ಸರಿಯಾಗಿ ಶಮನವಾದ ಮದ್ದಾದರೂ ಕೆರೆಗೆ ಬೀಳಕೂಡದು. ತಾಮ್ರ ಬಿದ್ದುದು ತಿಳಿದೊಡನೆ ಹೊಸನೀರನ್ನು ಬಿಡತಕ್ಕದ್ದು. ದನಕರುಗಳಿಗೆ ಆ ನೀರನ್ನು ಕುಡಿಸಬಾರದು. ಸತ್ತ ಮೀನನ್ನು ಯಾರೂ ತಿನ್ನಬಾರದು, ಹೂಳತಕ್ಕದ್ದು. ನೀರಿನ ಪಿ.ಎಚ್. ಕಾಗದದಿಂದ ನೋಡಿ, 6.5ಕ್ಕಿಂತ ಕೆಳಗಿದ್ದರೆ 5 ಸೆಂಟ್ಸ್ ಕೆರೆಗೆ 5 ಕಿಲೋದಂತೆ ಕೃಷಿಸುಣ್ಣವನ್ನು ಎರಚಿ ಪುನಃ ಪರೀಕ್ಷಿಸಬಹುದು. ಇದರಿಂದ ತಾಮ್ರದ ಉಗ್ರತೆಯೂ ತಗ್ಗುವುದು. ಕಾರಣವು ಸ್ಪಷ್ಟವಾಗದಿದ್ದಲ್ಲಿ, ಸಾಯುವ ಸ್ಥಿತಿಯಲ್ಲಿರುವ ಮೀನನ್ನು ಮಂಜುಗಡ್ಡೆಯಲ್ಲಿಟ್ಟು, ಶುದ್ಧವಾದ ಸೀಸೆಯಲ್ಲಿ ಅದೇ ದಿನದ ಕೆರೆಯ ನೀರನ್ನು ತುಂಬಿ, 1969ರಲ್ಲಿ ಸ್ಥಾಪಿತವಾದ ಮಂಗಳೂರಿನ ಮೀನುಗಾರಿಕಾ ಕಾಲೇಜನ್ನಾಗಲಿ, ತಾಲೂಕಿನ ಮೀನುಗಾರಿಕಾ ಇಲಾಖೆಯನ್ನಾಗಲಿ ವಿಚಾರಿಸತಕ್ಕದ್ದು. ಕೊಳೆತ ಮೀನಿನಿಂದ ಏನೂ ತಿಳಿಯದು.

ತೊಡಿಕಾನದಲ್ಲಿಯೂ ಶಿಶಿಲದಲ್ಲಿಯೂ ದೇವರ ಮೀನುಗಳಿಗೆ ಅಕ್ಕಿ ಹಾಕಿ ಕೈಮುಗಿಯುವ ನಾಡು ನಮ್ಮದು. ಮನೆಯ ಕೆರೆಯ ಮೀನಿಗೆ ಅಷ್ಟು ಉಪಚಾರ ಬೇಡ. ಅದರ ನೀರನ್ನು ದಿನಕ್ಕೊಮ್ಮೆ ನೋಡಿದರೆ ಸಾಕು. ಗ್ರಾಮದ ಹಿರಿಯರಾದರೋ, ಮೀನು ಸತ್ತ ದೂರು ಬಂದಾಗ ಯಾರ ಮೇಲೆ ಸಂಶಯವೆಂದು ಕೇಳುವ ಮುಂಚೆ ಯಾವ ಹೊತ್ತಿನಲ್ಲಿ ಸತ್ತಿತೆಂದು ಕೇಳುವುದು ಯುಕ್ತವು.