ಕೆರೆಯಲ್ಲಿ ಕಂಡದ್ದು ಭೂತವೇ?



ಭಾನುವಾರದ ಬಲಿಪೂಜೆಯ ನಂತರ ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳು ಕೇಳುವ ಪ್ರಶ್ನೆಗಳಿಗೆ ಉತ್ತರ ಹೇಳುವುದು ಒಮ್ಮೊಮ್ಮೆ ಗುರುಮಠದ ಪರೀಕ್ಷೆಗಿಂತಲೂ ಕಷ್ಟ. ಒಂದು ದಿನ ಹುಡುಗನೊಬ್ಬ ಎದ್ದು ನಿಂತು, "ಫಾದರ್, ನಮ್ಮೂರ ಕೆರೇಲಿ ದೆವ್ವ ಐತಂತೆ. ಅಮಾಸೆ ರಾತ್ರಿ ಬಟ್ಟೆ ಒಗೆಯೋ ಸದ್ದು ಕೇಳ್ತದಂತೆ. ನಿಜವಾ?" ಎಂದ. ಮಕ್ಕಳೆಲ್ಲ ನಕ್ಕರು. ಹಿಂದಿನ ಬೆಂಚಿನಲ್ಲಿದ್ದ ಒಬ್ಬ ಹುಡುಗಿ ಮಾತ್ರ ನಗಲಿಲ್ಲ, ತಲೆ ತಗ್ಗಿಸಿಕೊಂಡಳು. ಆ ಕೆರೆಯಲ್ಲಿ ಮುಳುಗಿ ತೀರಿಹೋದವರು ಅವಳ ಚಿಕ್ಕಮ್ಮ ಎಂಬುದು ನನಗೆ ಆಮೇಲೆ ತಿಳಿಯಿತು. ಕಾಲು ಜಾರಿ ಬಿದ್ದರೋ, ತಾವಾಗಿಯೇ ಇಳಿದರೋ ಯಾರೂ ಕಂಡವರಿಲ್ಲ. ಆದರೆ ಊರು ತೀರ್ಮಾನ ಮಾಡಿಯಾಗಿತ್ತು. ಆ ಬೆಂಚಿನಲ್ಲಿ ಹುಡುಗಿಯ ಪಕ್ಕ ಯಾರೂ ಕುಳಿತಿರಲಿಲ್ಲ ಎಂಬುದೂ ನನಗೆ ಆಮೇಲೆಯೇ ನೆನಪಾಯಿತು.

ನಮ್ಮ ನಾಡಿನಲ್ಲಿ ಕಥೆಯಿಲ್ಲದ ಕೆರೆ ಅಪರೂಪ. ಒಂದು ಕೆರೆ ವರ್ಷಕ್ಕೊಂದು ಬಲಿ ಕೇಳುತ್ತದೆ, ಇನ್ನೊಂದರ ಏರಿಯ ಮೇಲೆ ಬಿಳಿ ಸೀರೆಯವಳು ನಡೆದಾಡುತ್ತಾಳೆ. ಸಂಜೆಯಾದ ಮೇಲೆ ಆ ದಾರಿ ಬೇಡವೆಂದು ಹಿರಿಯರು ಗದರಿಸುತ್ತಾರೆ. ಇವೆಲ್ಲ ಮಕ್ಕಳನ್ನು ನೀರಿನಿಂದ ದೂರವಿಡುವ ಉಪಾಯಗಳೆಂದು ನಾವು ನಕ್ಕು ಸುಮ್ಮನಾಗಬಹುದು. ಆದರೆ ಇಂಥ ಪ್ರತಿಯೊಂದು ಕಥೆಯ ಹಿಂದೆ ಸತ್ತುಹೋದ ಒಬ್ಬ ಮನುಷ್ಯರಿದ್ದಾರೆ, ಬದುಕಿ ಉಳಿದ ಒಂದು ಮನೆಯಿದೆ. ಆ ಇಬ್ಬರಿಗೂ ನಾವು ಏನು ಮಾಡುತ್ತಿದ್ದೇವೆ ಎಂಬುದೇ ಇಂದಿನ ಪಾಠ.

ಹಿಮಾಲಯದ ಒಂದು ಸರೋವರ

ಇಂಥ ಒಂದು ಕಥೆಯನ್ನು ವಿಜ್ಞಾನಿಗಳು ಕೂಲಂಕಷವಾಗಿ ಪರಿಶೀಲಿಸಿದ ಉದಾಹರಣೆ ನಮ್ಮ ದೇಶದಲ್ಲಿಯೇ ಇದೆ. ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿ, ತ್ರಿಶೂಲ ಪರ್ವತದ ಮಗ್ಗುಲಲ್ಲಿ, ಸಮುದ್ರಮಟ್ಟದಿಂದ ಸುಮಾರು 5,000 ಮೀಟರ್ ಎತ್ತರದಲ್ಲಿ ರೂಪಕುಂಡ ಎಂಬ ಪುಟ್ಟ ಸರೋವರವಿದೆ. ವರ್ಷದ ಬಹುಪಾಲು ಅದು ಹೆಪ್ಪುಗಟ್ಟಿರುತ್ತದೆ. ಮಂಜು ಕರಗಿದಾಗ ದಡದಲ್ಲಿಯೂ ನೀರಿನಲ್ಲಿಯೂ ಮನುಷ್ಯರ ಮೂಳೆಗಳು, ತಲೆಬುರುಡೆಗಳು ಕಾಣಿಸುತ್ತವೆ. ಅವು ಒಬ್ಬಿಬ್ಬರದಲ್ಲ, ನೂರಾರು ಜನರವು. 1942ರಲ್ಲಿ ಅರಣ್ಯ ಇಲಾಖೆಯ ಅಧಿಕಾರಿಯೊಬ್ಬರು ಇವನ್ನು ಕಂಡ ಮೇಲೆ ಸುದ್ದಿ ಹೊರಜಗತ್ತಿಗೆ ಹರಡಿತು. ಅದು ಯುದ್ಧದ ಕಾಲವಾದ್ದರಿಂದ ಜಪಾನಿ ಸೈನಿಕರ ಮೂಳೆಗಳಿರಬೇಕೆಂಬ ಗುಮಾನಿಯೂ ಎದ್ದಿತ್ತು. ಆದರೆ ಮೂಳೆಗಳು ಅದಕ್ಕಿಂತ ಬಹಳ ಹಳೆಯವಾಗಿದ್ದವು.

ಆ ಸೀಮೆಯ ಜನರು ಹೇಳುತ್ತ ಬಂದ ಕಥೆ ಹೀಗಿದೆ. ಕನೌಜಿನ ರಾಜ ಜಸಧವಲ ತುಂಬು ಗರ್ಭಿಣಿಯಾದ ರಾಣಿಯನ್ನೂ ಪರಿವಾರವನ್ನೂ ನರ್ತಕಿಯರನ್ನೂ ಕರೆದುಕೊಂಡು ನಂದಾದೇವಿಯ ಯಾತ್ರೆಗೆ ಹೊರಟ. ಪವಿತ್ರ ಬೆಟ್ಟದಲ್ಲಿ ಹಾಡು, ಕುಣಿತ, ವಿಲಾಸ ನಡೆಯಿತು. ದೇವಿ ಕೋಪಗೊಂಡಳು. ಆಲಿಕಲ್ಲಿನ ಮಳೆ ಸುರಿದು, ಎಲ್ಲರೂ ಸರೋವರದ ಬಳಿ ಸತ್ತುಬಿದ್ದರು.

ಆ ಜನರ ಯಾತ್ರೆಯನ್ನಾಗಲಿ ಭಕ್ತಿಯನ್ನಾಗಲಿ ಹಗುರವಾಗಿ ಕಾಣುವುದು ನಮ್ಮ ಕೆಲಸವಲ್ಲ. ಕಥೆಯಲ್ಲಿ ನಿಜದ ನೆನಪೂ ಇದ್ದೀತು. ಕೆಲವು ತಲೆಬುರುಡೆಗಳ ಮೇಲೆ ಪೆಟ್ಟಿನ ಗುರುತುಗಳಿವೆ, ಅವು ದೊಡ್ಡ ಆಲಿಕಲ್ಲುಗಳಿಂದ ಆದವೆಂದು ಅಭಿಪ್ರಾಯಪಟ್ಟ ವಿದ್ವಾಂಸರಿದ್ದಾರೆ. ಆದರೆ ಕಥೆಯ ಮುಖ್ಯ ಮಾತನ್ನು ಗಮನಿಸಿ: ಸತ್ತವರು ತಪ್ಪು ಮಾಡಿದರು, ಆದ್ದರಿಂದಲೇ ಸತ್ತರು.

2019ರಲ್ಲಿ ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯವರೂ ಸೇರಿದಂತೆ ಹಲವು ದೇಶಗಳ ವಿಜ್ಞಾನಿಗಳು ಅಲ್ಲಿನ 38 ಜನರ ಮೂಳೆಗಳ ಡಿ.ಎನ್.ಎ. ಪರೀಕ್ಷಿಸಿ ವರದಿ ಪ್ರಕಟಿಸಿದರು. ಅವರಲ್ಲಿ 23 ಮಂದಿ ಭಾರತ ಉಪಖಂಡದ ಮೂಲದವರು. ಅವರೂ ಒಂದೇ ಕುಲದವರಲ್ಲ, ಒಂದೇ ದಿನ ಸತ್ತವರೂ ಅಲ್ಲ. ಸುಮಾರು ಏಳನೆಯ ಶತಮಾನದಿಂದ ಹತ್ತನೆಯ ಶತಮಾನದ ಅವಧಿಯಲ್ಲಿ ಬೇರೆ ಬೇರೆ ಸಲ ಸತ್ತವರು. ಇನ್ನು 14 ಮಂದಿ ಸುಮಾರು 1800ರ ಆಸುಪಾಸಿನಲ್ಲಿ ಸತ್ತವರು, ಗ್ರೀಸ್ ಮತ್ತು ಕ್ರೀಟ್ ದ್ವೀಪದ ಇಂದಿನ ಜನರಿಗೆ ಹತ್ತಿರವಾದ ಮೂಲದವರು! ಉಳಿದ ಒಬ್ಬರು ಆಗ್ನೇಯ ಏಷ್ಯಾ ಮೂಲದವರು. ಪರೀಕ್ಷಿಸಿದವರಲ್ಲಿ ಹತ್ತಿರದ ರಕ್ತಸಂಬಂಧಿಗಳು ಯಾರೂ ಸಿಗಲಿಲ್ಲ, ಸಾಂಕ್ರಾಮಿಕ ರೋಗದ ಸುಳಿವೂ ಸಿಗಲಿಲ್ಲ.

ಹಾಗಾದರೆ ಅಷ್ಟು ದೂರದಿಂದ ಬಂದವರು ಯಾರು? ಅಲ್ಲಿಗೇಕೆ ಬಂದರು? ವರದಿ ಇದಕ್ಕೆ ಉತ್ತರ ಕೊಡಲಿಲ್ಲ. ಒಂದು ಮಾತ್ರ ಸ್ಪಷ್ಟವಾಯಿತು. ಒಬ್ಬ ರಾಜನ ಒಂದು ತಪ್ಪಿನ ಕಥೆ ಅಷ್ಟೂ ಜನರಿಗೆ ಹೊಂದುವುದಿಲ್ಲ. ಸಾವಿರ ವರ್ಷಗಳ ಅಂತರದಲ್ಲಿ ಬೇರೆ ಬೇರೆ ದಿನ ಚಳಿಗೋ ಬಿರುಗಾಳಿಗೋ ಸಿಕ್ಕ ಪ್ರಯಾಣಿಕರನ್ನು ನಾವು ಒಂದೇ ಗಂಟು ಕಟ್ಟಿ, ಅಪರಾಧಿಗಳೆಂದು ತೀರ್ಪು ಕೊಟ್ಟುಬಿಟ್ಟಿದ್ದೆವು. ಬೆಟ್ಟ ಹತ್ತಿ ಹೋದ ಎಷ್ಟೋ ಜನರು ಆ ಮೂಳೆಗಳನ್ನು ಆಚೀಚೆ ಸರಿಸಾಡಿದ್ದಾರೆ, ನೆನಪಿಗೆಂದು ಮನೆಗೆ ಒಯ್ದವರೂ ಇದ್ದಾರೆ. ಸತ್ತವರು ಕಥೆಯ ಸರಕಾದರೆ ಅವರೂ ನಮ್ಮಂತೆಯೇ ತಾಯಿ ಹೆತ್ತವರೆಂಬುದು ಮರೆತುಹೋಗುತ್ತದೆ.

ಗೋಪುರದಡಿ ಸತ್ತವರು

ಪ್ರಭು ಯೇಸುವಿನ ಮುಂದೆಯೂ ಇದೇ ಪ್ರಶ್ನೆ ಬಂದಿತ್ತು. ಜೆರುಸಲೇಮಿನ ಸಿಲೋವಾಂ ಎಂಬಲ್ಲಿ ಗೋಪುರ ಕುಸಿದು 18 ಜನ ಸತ್ತಿದ್ದರು. ಅವರು ಏನೋ ಪಾಪ ಮಾಡಿರಬೇಕೆಂದು ಊರು ಮಾತಾಡಿಕೊಳ್ಳುತ್ತಿದ್ದಿರಬೇಕು. ಸತ್ತವರು ಉಳಿದವರಿಗಿಂತ ಹೆಚ್ಚಿನ ಪಾಪಿಗಳೆಂದು ನೆನೆಸುತ್ತೀರೋ ಎಂದು ಯೇಸು ಕೇಳಿದರು, ಖಂಡಿತ ಅಲ್ಲವೆಂದು ತಾವೇ ಉತ್ತರಿಸಿದರು. ಅಷ್ಟಕ್ಕೇ ನಿಲ್ಲಿಸದೆ, ನೀವೇ ಮನಸ್ಸನ್ನು ಪರಿವರ್ತಿಸಿಕೊಳ್ಳಿರಿ ಎಂದು ಕೇಳುಗರ ಕಡೆಗೆ ಬೊಟ್ಟುಮಾಡಿದರು (ಲೂಕ 13:1-5). ಸತ್ತವರ ಲೆಕ್ಕ ಕೇಳುವ ಅಧಿಕಾರ ನಮ್ಮದಲ್ಲ, ನಮ್ಮ ಲೆಕ್ಕ ಒಪ್ಪಿಸುವ ಹೊಣೆ ನಮ್ಮದು.

ಕೆರೆಯ ದೆವ್ವದ ಕಥೆಯೂ ಒಂದು ತೀರ್ಪೇ. ಅದು ಸತ್ತವರಿಗೆ ಶಾಂತಿಯಿಲ್ಲವೆಂದು ತೀರ್ಪು ಕೊಡುತ್ತದೆ. ಆ ತೀರ್ಪಿನ ಶಿಕ್ಷೆಯನ್ನು ಅನುಭವಿಸುವವರು ಮಾತ್ರ ಬದುಕಿರುವವರು. ಆ ಮನೆಯ ಹೆಣ್ಣುಮಕ್ಕಳಿಗೆ ಸಂಬಂಧ ಬರುವುದಿಲ್ಲ, ಮಕ್ಕಳ ಪಕ್ಕ ಯಾರೂ ಕೂರುವುದಿಲ್ಲ. ಇನ್ನೂ ಒಂದು ನಷ್ಟವಿದೆ. ಸಾವಿಗೆ ದೆವ್ವ ಕಾರಣವಾದರೆ ನಿಜವಾದ ಕಾರಣವನ್ನು ಯಾರೂ ಹುಡುಕುವುದಿಲ್ಲ. ಮಣ್ಣು ತೆಗೆದು ಬಿಟ್ಟ ಆಳವಾದ ಗುಂಡಿ ಹಾಗೆಯೇ ಉಳಿಯುತ್ತದೆ, ಪಾಚಿಗಟ್ಟಿದ ಮೆಟ್ಟಿಲು ಹಾಗೆಯೇ ಜಾರುತ್ತದೆ. ಮನೆಯೊಳಗಿನ ಕುಡಿತ, ಹೊಡೆತ, ಸಾಲ, ಚುಚ್ಚುಮಾತುಗಳನ್ನು ಯಾರೂ ಕೇಳುವುದಿಲ್ಲ. ದೆವ್ವದ ಕಥೆ ಎಷ್ಟೋ ಸಲ ಬದುಕಿರುವ ತಪ್ಪಿತಸ್ಥರಿಗೆ ಒಳ್ಳೆಯ ಮರೆ.

ಗಲಿಲೇಯದ ಆ ರಾತ್ರಿ

ಶುಭಸಂದೇಶದಲ್ಲಿಯೂ ಸರೋವರದ ಮೇಲೆ ಭೂತ ಕಂಡವರಿದ್ದಾರೆ. ಅವರು ಬೇರಾರೂ ಅಲ್ಲ, ಪ್ರೇಷಿತರೇ. ರಾತ್ರಿಯ ನಾಲ್ಕನೆಯ ಜಾವ, ಅಂದರೆ ಬೆಳಗಿನ ಮೂರರಿಂದ ಆರರೊಳಗೆ, ಎದುರುಗಾಳಿಗೆ ಹುಟ್ಟುಹಾಕಿ ದಣಿದಿದ್ದ ಶಿಷ್ಯರು ನೀರಿನ ಮೇಲೆ ಬರುತ್ತಿದ್ದ ಯೇಸುವನ್ನು ಕಂಡು ಭೂತವೆಂದು ಚೀರಿದರು (ಮತ್ತಾಯ 14:22-33). ಅದೇ ಸರೋವರದಲ್ಲಿ ಬೆಳೆದ ಬೆಸ್ತರು ಅವರಲ್ಲಿದ್ದರು. ಭಯ ಹಿಡಿದಾಗ ಅನುಭವವೂ ಕೈಕೊಡುತ್ತದೆ, ಹತ್ತಿರ ಬರುತ್ತಿರುವ ದೇವರೇ ದೆವ್ವವಾಗಿ ಕಾಣುತ್ತಾರೆ. ಯೇಸು ಅವರನ್ನು ಹಂಗಿಸಲಿಲ್ಲ. ತಾವು ಯಾರೆಂದು ಹೇಳಿದರು, ಧೈರ್ಯ ತುಂಬಿದರು, ಮುಳುಗುತ್ತಿದ್ದ ಪೇತ್ರನ ಕೈ ಹಿಡಿದರು. ಪುನರುತ್ಥಾನದ ಸಂಜೆಯೂ ಶಿಷ್ಯರು ಭೂತವೆಂದು ಹೆದರಿದಾಗ ಕೈಕಾಲು ತೋರಿಸಿದರು, ಅವರ ಮುಂದೆಯೇ ಮೀನಿನ ತುಂಡು ತಿಂದರು (ಲೂಕ 24:36-43). ಹೆದರಿದವರ ಬಳಿ ನಾವೂ ಹೀಗೆಯೇ ಹೋಗಬೇಕು. ಗದರಿಸಿ, ನಕ್ಕು, ಮೂಢರೆಂದು ಕರೆದು ಯಾರ ಭಯವನ್ನೂ ಬಿಡಿಸಲಾಗದು.

ಧರ್ಮಸಭೆಯ ಬೋಧನೆ

ಮೊದಲನೆಯದಾಗಿ, ಮನುಷ್ಯ ಸಾಯುವುದು ಒಂದೇ ಸಲ, ಆಮೇಲೆ ನ್ಯಾಯತೀರ್ಪು (ಹಿಬ್ರಿಯರಿಗೆ 9:27). ತೀರಿಹೋದ ಆತ್ಮ ದೇವರ ಕೈಯಲ್ಲಿದೆ, ಕೆರೆಯ ಏರಿಯಲ್ಲಿ ಅಲ್ಲ. ದೇವರು ವಿಶೇಷವಾಗಿ ಅನುಮತಿಸಿದರೆ ಮೃತರು ಕಾಣಿಸಿಕೊಳ್ಳಬಹುದೆಂಬುದನ್ನು ಸಂತ ಥಾಮಸ್ ಅಕ್ವಿನಾಸರು ಅಲ್ಲಗಳೆಯಲಿಲ್ಲ. ಆದರೆ ಅಪಘಾತದಲ್ಲಿಯೋ ಹೆರಿಗೆಯಲ್ಲಿಯೋ ನೀರಿನಲ್ಲಿಯೋ ಸತ್ತವರು ಅಲೆದಾಡುತ್ತ ಜನರನ್ನು ಹಿಡಿಯುತ್ತಾರೆಂದು ಧರ್ಮಸಭೆ ಎಂದೂ ಬೋಧಿಸಿಲ್ಲ.

ಎರಡನೆಯದಾಗಿ, ಸತ್ತವರನ್ನು ಕರೆಸಿ ಮಾತಾಡಿಸುವುದು, ಅದಕ್ಕಾಗಿ ಮಂತ್ರವಾದಿಗಳ ಬಳಿ ಹೋಗುವುದು, ತಾಯತ ಕಟ್ಟಿಸುವುದು ಮೊದಲ ಕಟ್ಟಳೆಗೆ ವಿರುದ್ಧ. ಧರ್ಮೋಪದೇಶಗ್ರಂಥ ಇದನ್ನು 2116 ಮತ್ತು 2117ನೆಯ ಸಂಖ್ಯೆಗಳಲ್ಲಿ ವಿವರಿಸುತ್ತದೆ.

ಮೂರನೆಯದಾಗಿ, ಸತ್ತವರೊಂದಿಗೆ ನಮ್ಮ ನಂಟು ಕಡಿದುಹೋಗಿಲ್ಲ. ಆ ನಂಟು ಭಯದ್ದಲ್ಲ, ಪ್ರಾರ್ಥನೆಯದು. ಯೂದ ಮಕ್ಕಬಿಯನು ಯುದ್ಧದಲ್ಲಿ ಮಡಿದ ತನ್ನವರ ಬಟ್ಟೆಯಡಿ ವಿಗ್ರಹಗಳ ತಾಯತ ಸಿಕ್ಕಾಗಲೂ ಅವರನ್ನು ಶಪಿಸಲಿಲ್ಲ. ಅವರಿಗಾಗಿ ಕಾಣಿಕೆ ಎತ್ತಿ, ಪಾಪಪರಿಹಾರ ಬಲಿಗೆಂದು ಜೆರುಸಲೇಮಿಗೆ ಕಳುಹಿಸಿದನು (2 ಮಕ್ಕಬಿಯರು 12:38-46). ನಾವು ಮೃತರಿಗಾಗಿ ಬಲಿಪೂಜೆ ಅರ್ಪಿಸುವುದು ಈ ನಂಬಿಕೆಯಿಂದಲೇ.

ನಾಲ್ಕನೆಯದು ಬಹಳ ಮನೆಗಳಲ್ಲಿ ಪಿಸುಮಾತಾಗಿಯೇ ಉಳಿದಿರುವ ವಿಷಯ. ತಾವಾಗಿಯೇ ಪ್ರಾಣ ಕಳೆದುಕೊಂಡವರ ಗತಿಯೇನು? 1917ರ ಧರ್ಮಸಭೆಯ ಕಾನೂನುಸಂಹಿತೆ, ತಿಳಿದು ಬೇಕೆಂದೇ ಹಾಗೆ ಮಾಡಿಕೊಂಡವರಿಗೆ ಧರ್ಮಸಭೆಯ ಶವಸಂಸ್ಕಾರವನ್ನು ನಿರಾಕರಿಸುತ್ತಿತ್ತು. 1983ರ ಸಂಹಿತೆ ಅವರನ್ನು ಆ ಪಟ್ಟಿಯಿಂದ ಕೈಬಿಟ್ಟಿತು. ಜೀವ ದೇವರ ಕೊಡುಗೆ, ಅದನ್ನು ಕಳೆದುಕೊಳ್ಳುವುದು ಗಂಭೀರ ವಿಷಯವೆಂಬ ಬೋಧನೆ ಬದಲಾಗಿಲ್ಲ. ಆದರೆ ತೀವ್ರ ಮಾನಸಿಕ ಬೇನೆ, ಯಾತನೆ, ಭಯಗಳು ಮನುಷ್ಯನ ಹೊಣೆಯನ್ನು ಕಡಿಮೆ ಮಾಡುತ್ತವೆ, ಅಂಥವರ ರಕ್ಷಣೆಯ ಬಗ್ಗೆ ನಾವು ನಿರಾಶರಾಗಬಾರದು ಎಂದು 1992ರ ಧರ್ಮೋಪದೇಶಗ್ರಂಥ ಕಲಿಸುತ್ತದೆ (2282, 2283). ದೇವರು ತಮಗೆ ಮಾತ್ರ ತಿಳಿದ ದಾರಿಯಲ್ಲಿ ಅವರನ್ನು ಮುಟ್ಟಬಲ್ಲರು. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯಿದೆಯೂ ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ, ಅವರಿಗೆ ಆರೈಕೆ ಒದಗಿಸಬೇಕೆನ್ನುತ್ತದೆ.

ನಾವು ಮಾಡಬೇಕಾದ್ದು

ತೋಬಿತನು ದಿಕ್ಕಿಲ್ಲದ ಶವಗಳನ್ನು ಹುಡುಕಿ ಹೂಳುತ್ತಿದ್ದನು, ಅದಕ್ಕಾಗಿ ಆಸ್ತಿಯನ್ನೂ ಕಳೆದುಕೊಂಡನು. ನಮ್ಮಿಂದ ದೇವರು ಅಷ್ಟನ್ನು ಕೇಳುತ್ತಿಲ್ಲ. ದುರ್ಮರಣವಾದ ಮನೆಗೆ ಹೋಗಿ ಅರ್ಧ ಗಂಟೆ ಕೂರಿರಿ. ಹೇಗೆ ಸತ್ತರೆಂದು ಕೆದಕಬೇಡಿರಿ, ಅವರು ಹೇಗೆ ಬದುಕಿದ್ದರೆಂದು ಕೇಳಿರಿ. ಮಕ್ಕಳ ಮುಂದೆ ಸತ್ತವರ ಹೆಸರು ಹಿಡಿದು ಹೆದರಿಸಬೇಡಿರಿ. ನೀರು ಆಳವಾಗಿದೆ, ಜಾರುತ್ತದೆ ಎಂದು ಇದ್ದದ್ದನ್ನೇ ಹೇಳಿರಿ. ಕೆರೆಯ ಗುಂಡಿಗೆ ಬೇಲಿ ಹಾಕಿಸಲು ಪಂಚಾಯಿತಿಗೆ ಒಂದು ಅರ್ಜಿ ಕೊಡಿರಿ. ನಿಮ್ಮ ಮನೆಯಲ್ಲಿ ಯಾರಾದರೂ ಬದುಕು ಸಾಕೆನ್ನುವ ಮಾತಾಡಿದರೆ ಹಗುರವಾಗಿ ತಳ್ಳಬೇಡಿರಿ. ಜೊತೆಗಿದ್ದು ವೈದ್ಯರ ಬಳಿಗೆ ಕರೆದೊಯ್ಯಿರಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತಾಡಬಹುದು.

ಆ ಹುಡುಗನಿಗೆ ಅಂದು ನಾನು ಕೊಟ್ಟ ಉತ್ತರ ಚಿಕ್ಕದು: "ಕೆರೇಲಿ ದೆವ್ವ ಇಲ್ಲಪ್ಪ. ಅಲ್ಲಿ ನಮ್ಮ ಒಬ್ಬ ಸಹೋದರಿ ತೀರಿಹೋದರು. ಬನ್ನಿ, ಎಲ್ಲರೂ ಅವರಿಗಾಗಿ ಒಂದು ಪರಲೋಕ ಮಂತ್ರ ಹೇಳೋಣ." ಹುಡುಗಿಯೂ ಮೆಲ್ಲಗೆ ದನಿಗೂಡಿಸಿದಳು. ಅವಳ ಮನೆಗೆ ಅದುವರೆಗೆ ನಾನೇ ಹೋಗಿರಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಆ ವಾರ ಹೋದೆ. ನವೆಂಬರ್ 2ರ ಮೃತರ ಸ್ಮರಣೆಗೆ ಹೆಸರುಗಳನ್ನು ಬರೆದುಕೊಳ್ಳುತ್ತಿದ್ದಾಗ ಹುಡುಗಿಯ ಅಜ್ಜಿ ಬಂದು, ಮಡಿಸಿದ ಚೀಟಿಯನ್ನು ಮೇಜಿನ ಮೇಲಿಟ್ಟು, "ಎಲ್ಲರ ಜೊತೆ ನನ್ನ ಮಗಳ ಹೆಸರೂ ಓದ್ತೀರಾ ಸ್ವಾಮಿ?" ಎಂದು ಕೇಳಿದರು. ಆ ದಿನ ಎಲ್ಲರ ಹೆಸರಿನ ನಡುವೆ ಆ ಹೆಸರನ್ನೂ ಓದಿದೆವು.

ಕುಟುಂಬದಲ್ಲಿ ಚರ್ಚಿಸಲು:

1. ನಮ್ಮೂರಿನಲ್ಲಿ ದೆವ್ವವೆಂದು ಕರೆಸಿಕೊಳ್ಳುವ ವ್ಯಕ್ತಿ ಬದುಕಿದ್ದಾಗ ಯಾರಾಗಿದ್ದರು? ಅವರ ಮನೆಯವರು ಈಗ ಹೇಗಿದ್ದಾರೆ?

2. ಲೂಕ 13:1-5ನ್ನು ಒಟ್ಟಿಗೆ ಓದಿರಿ. ಯಾರ ಸಾವಿನ ಬಗ್ಗೆ ನಾವು ತೀರ್ಪು ಕೊಟ್ಟಿದ್ದೇವೆ?

3. ಈ ವಾರದ ಜಪಸರದಲ್ಲಿ, ಯಾರೂ ನೆನೆಯದ ಒಬ್ಬ ಮೃತರ ಹೆಸರನ್ನು ಹೇಳಿ ಪ್ರಾರ್ಥಿಸೋಣವೇ?