ಸಮಾಜರಚನೆ ಮತ್ತು ಸಾಮಾಜಿಕ ನಿಯಂತ್ರಣ: ಕಾಫಿ ಮಲೆಗಳ ನಿದರ್ಶನ

ಸಮಾಜವು ಕೇವಲ ಜನರ ಗುಂಪಲ್ಲ. ಕಲ್ಲುಗಳ ರಾಶಿಗೂ ಕಟ್ಟಿದ ಗೋಡೆಗೂ ಇರುವ ಅಂತರವೇ ಜನಸಂದಣಿಗೂ ಸಮಾಜಕ್ಕೂ ಉಂಟು. ತಂದೆ-ಮಗ, ಗುರು-ಶಿಷ್ಯ, ಒಡೆಯ-ಆಳು ಎಂಬ ಸ್ಥಿರ ಸಂಬಂಧಗಳ ಕ್ರಮಕ್ಕೆ ಸಮಾಜರಚನೆಯೆಂದು ಹೆಸರು. ಆ ಕ್ರಮವು ಚದುರದಂತೆ ವ್ಯಕ್ತಿಯ ನಡೆಯನ್ನು ಹದ್ದಿನಲ್ಲಿಡುವ ಶಕ್ತಿಗಳೇ ಸಾಮಾಜಿಕ ನಿಯಂತ್ರಣ. ಸಮಾಜದ ಕಟ್ಟಳೆಗಳು ವ್ಯಕ್ತಿಗೆ ಹೊರಗಿನವು, ಅವನನ್ನು ಕಟ್ಟುಪಡಿಸುವ ಬಲವುಳ್ಳವು ಎಂದು ಫ್ರಾನ್ಸಿನ ಎಮಿಲ್ ದುರ್ಖೀಮನು 1895ರಲ್ಲಿ ಪ್ರತಿಪಾದಿಸಿದನು. ಅಮೆರಿಕದ ಇ. ಎ. ರಾಸ್ ಎಂಬ ವಿದ್ವಾಂಸನು 1901ರಲ್ಲಿ ‘ಸಾಮಾಜಿಕ ನಿಯಂತ್ರಣ’ವೆಂಬ ಹೆಸರಿನಲ್ಲಿಯೇ ಗ್ರಂಥವನ್ನು ರಚಿಸಿದನು.

ನಿಯಂತ್ರಣವು ಎರಡು ಬಗೆ. ಕಾಯಿದೆ, ನ್ಯಾಯಾಲಯ, ದಂಡನೆ ಇವು ವಿಧಿಬದ್ಧವಾದವು. ಲೋಕಾಪವಾದದ ಅಂಜಿಕೆ, ಹಿರಿಯರ ಮಾತು, ಧರ್ಮಶ್ರದ್ಧೆ ಇವು ವಿಧಿಬದ್ಧವಲ್ಲದವು. ನೆರೆಯ ಕೊಡವರನ್ನು ಕುರಿತು ಎಂ. ಎನ್. ಶ್ರೀನಿವಾಸರು 1952ರಲ್ಲಿ ಪ್ರಕಟಿಸಿದ ಗ್ರಂಥವು ಎರಡನೆಯದರ ಬಲವನ್ನು ಚೆನ್ನಾಗಿ ತೋರಿಸುತ್ತದೆ. ಅಲ್ಲಿ ‘ಒಕ್ಕ’ವೆಂಬ ಕೂಡುಕುಟುಂಬವೇ ರಚನೆಯ ಮೂಲಘಟಕ. ಭೂಮಿ, ಪಿತೃಪೂಜೆ, ಮದುವೆ ಎಲ್ಲವೂ ಅದನ್ನೇ ಸುತ್ತಿಕೊಂಡಿವೆ. ಒಕ್ಕದ ಮಾನವೇ ಅದರ ಸದಸ್ಯನಿಗೆ ಅಂಕುಶ.

ನಮ್ಮ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ತೋಟಗಳಲ್ಲಿ ರಚನೆಯ ಸ್ವರೂಪವೇ ಬೇರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕಾಫಿ ಬೆಳೆ ವಿಸ್ತರಿಸಿದಂತೆ ಒಡೆಯ, ರೈಟರು, ಮೇಸ್ತ್ರಿ, ಆಳು ಎಂಬ ಮೆಟ್ಟಿಲುಗಳು ಏರ್ಪಟ್ಟವು. ಘಟ್ಟದ ಕೆಳಗಿನಿಂದಲೂ ಬಯಲುಸೀಮೆಯಿಂದಲೂ ಬಂದ ದುಡಿಮೆಗಾರರಿಗೆ ಇಲ್ಲಿ ನೆಲವಿರಲಿಲ್ಲ, ಒಕ್ಕದಂತಹ ಆಸರೆಯೂ ಇರಲಿಲ್ಲ. ಅವರನ್ನು ಹಿಡಿದಿಟ್ಟದ್ದು ಮೇಸ್ತ್ರಿಯ ಮುಂಗಡ ಮತ್ತು ತೋಟದ ಲೈನುಮನೆ. ಸಾಲ ತೀರದೆ ಹೊರಡುವಂತಿಲ್ಲ. ಕೆಲಸ ಬಿಟ್ಟರೆ ಸೂರಿಲ್ಲ.

ಕಾಯಿದೆಯು ಯಾರ ಪಕ್ಷವನ್ನು ವಹಿಸಿತೆಂಬುದು ಇಲ್ಲಿ ವಿಚಾರಾರ್ಹ. ಬ್ರಿಟಿಷ್ ಭಾರತದ 1859ರ ಕಾಯಿದೆಯೊಂದು, ಮುಂಗಡ ಪಡೆದು ಕೆಲಸ ತಪ್ಪಿಸಿದವನನ್ನು ಸೆರೆಗೆ ಕಳುಹಿಸಲು ಎಡೆಮಾಡಿಕೊಟ್ಟಿತ್ತು. ಅದು ರದ್ದಾದುದು 1925ರಲ್ಲಿ. 1951ರ ತೋಟ ಕಾರ್ಮಿಕರ ಕಾಯಿದೆಯಾದರೋ ವಸತಿ, ವೈದ್ಯಸೌಕರ್ಯಗಳ ಹೊಣೆಯನ್ನು ಒಡೆಯನ ಮೇಲೆ ಹೊರಿಸಿತು. ಆರರಿಂದ ಹನ್ನೆರಡು ವಯಸ್ಸಿನ ಕಾರ್ಮಿಕರ ಮಕ್ಕಳು 25ನ್ನು ಮೀರಿದಲ್ಲಿ ವಿದ್ಯಾಭ್ಯಾಸದ ಏರ್ಪಾಡಿಗೂ ನಿಯಮ ರಚಿಸಲು ರಾಜ್ಯಗಳಿಗೆ ಅಧಿಕಾರವಿತ್ತಿತು. 1976ರಲ್ಲಿ ಜೀತಪದ್ಧತಿಯ ನಿರ್ಮೂಲನಕ್ಕೂ ಕಾಯಿದೆ ಬಂದಿತು. ಮೊದಲು ಆಳನ್ನು ಕಟ್ಟಿದ ಹಗ್ಗವೇ ಆಮೇಲೆ ಒಡೆಯನನ್ನೂ ಕಟ್ಟಿತು. ಆದುದರಿಂದ ನಿಯಂತ್ರಣ ಇದೆಯೇ ಎಂಬುದಕ್ಕಿಂತ, ಅದು ಯಾರನ್ನು ಕಟ್ಟುತ್ತದೆ, ಯಾರನ್ನು ಕಾಯುತ್ತದೆ ಎಂಬುದೇ ಮುಖ್ಯವಾದ ಪ್ರಶ್ನೆ.

ಹನ್ನೆರಡನೆಯ ಶತಮಾನದ ಶರಣರು ಹೊರಗಿನ ಅಂಕುಶಕ್ಕಿಂತ ಒಳಗಿನ ಎಚ್ಚರವನ್ನು ದೊಡ್ಡದೆಂದರು. ಗಂಡ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದ ಆಯ್ದಕ್ಕಿ ಲಕ್ಕಮ್ಮನ ಮೇಲೆ ಯಾವ ಮೇಸ್ತ್ರಿಯೂ ಕಾವಲಿರಲಿಲ್ಲ. ಆದರೆ ಶರಣರು ಕಾಯಕವನ್ನಷ್ಟೇ ಬೋಧಿಸಲಿಲ್ಲ. ಜೊತೆಗೆ ದಾಸೋಹವನ್ನೂ ಇಟ್ಟರು. ಮಾದಾರನೂ ಅಂಬಿಗನೂ ಸಮಾನರಾಗಿ ಕುಳಿತುಕೊಳ್ಳುವಂತೆ ರಚನೆಯನ್ನೇ ತಿದ್ದಲೆಳಸಿದರು. ದುಡಿಯುವವನಿಂದ ಕಾಯಕವನ್ನು ಬೇಡಿ, ಉಳ್ಳವನಿಂದ ದಾಸೋಹವನ್ನು ಬೇಡದಿದ್ದರೆ ಆ ಕಾಯಕವು ಜೀತವಾದೀತು.

ಮಠದ ಶಾಲೆಯ ಸ್ಥಾನವು ಇಲ್ಲಿಯೇ. ಹುಟ್ಟಿನಿಂದ ಬಂದ ಮೆಟ್ಟಿಲನ್ನು ಮಗುವು ದಾಟಬಹುದಾದ ಎಡೆಯೆಂದರೆ ತರಗತಿಯೊಂದೇ. ಆದರೆ ಕೊಯ್ಲಿನ ಕಾಲದಲ್ಲಿ, ನವೆಂಬರಿನಿಂದ ಫೆಬ್ರವರಿಯವರೆಗೆ, ಹೊರಗಿನಿಂದ ಬಂದ ಕುಟುಂಬಗಳ ಮಕ್ಕಳ ಹೆಸರು ಒಂದೂರಿನ ಹಾಜರಿ ಪುಸ್ತಕದಲ್ಲಿರುತ್ತದೆ, ಮಕ್ಕಳು ಇನ್ನೊಂದೂರಿನ ಲೈನಿನಲ್ಲಿರುತ್ತಾರೆ. ಅಧ್ಯಾಪಕರು ಅಂತಹವರನ್ನು ನಡುವರ್ಷದಲ್ಲಿಯೂ ಕೂರಿಸಿಕೊಳ್ಳಲಿ. ತೋಟದ ಒಡೆಯರಾಗಿರುವ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ತಮ್ಮ ಲೈನುಗಳ ಮಕ್ಕಳನ್ನು ಶಾಲೆಗೆ ಕಳುಹಿಸಲಿ. ಕಟ್ಟಡಕ್ಕೆ ಕೊಟ್ಟ ದಾನದಷ್ಟೇ, ಒಂದು ಪಾಲು ಹೆಚ್ಚಾಗಿಯೇ, ಇದೂ ದಾಸೋಹವೆನಿಸುವುದು.